ಪಟ್ಟಿಯ ಮೊದಲ ಪುಸ್ತಕ

ಅಕ್ಕಾ,

ಈ ಪತ್ರ ತಂದ ಬೈಂಡರ್ ಮಾವನ ಗಾಡಿಯಲ್ಲೇ ಹೊರಟುಬಿಡು.

ಹೋದ ವಾರ ನಮ್ಮ ಗ್ರಂಥಾಲಯಕ್ಕೆ ಬಂದ ಅಧಿಕಾರಿ ವಿನಯದಿಂದ ಕೇಳಿದ: "ಈಗಿನವರು ಬರೆದಿದ್ರಲ್ಲಿ ಐವತ್ತು ವರ್ಷ ಆದ್ಮೇಲೂ ಜನ ಕೂತು ಓದೋ ಪುಸ್ತಕ ಯಾವುದಮ್ಮಾ? ಪಟ್ಟಿ ಮಾಡ್ಕೊಡಿ." ಇಷ್ಟು ವರ್ಷದಲ್ಲಿ ನನ್ನನ್ನು ಯಾರೂ ಕೇಳದ ಪ್ರಶ್ನೆ. ಹಿಗ್ಗಿಹೋಗಿ ಒಂಬತ್ತು ಹೆಸರು ಬರೆದುಕೊಟ್ಟೆ. ಮೊದಲನೆಯದು ನಿನ್ನದು. ಅಕ್ಕನದೆಂದಲ್ಲ, ಮೂರು ಸಲ ಓದಿದರೂ ನನಗದು ಮುಗಿದಿಲ್ಲ.

ಇವತ್ತು ಅವನು ಮತ್ತೆ ಬಂದು ಆ ಒಂಬತ್ತನ್ನೂ ಗೋಣಿಚೀಲಕ್ಕೆ ತುಂಬಿಸಿದ. "ಉಳಿದವು ತಾವಾಗೇ ಸಾಯ್ತವೆ ಬಿಡಿ," ಅಂದ. ಆಮೇಲೆ ಬರೆದವರ ವಿಳಾಸ ಕೇಳಿದ. ನಿನ್ನದು ಗೊತ್ತಿಲ್ಲ ಎನ್ನುವಾಗ ನನ್ನ ನಾಲಗೆ ತಡವರಿಸಿತು. ಅವನು ನಕ್ಕ.

ಮಗುವನ್ನು ಶಾಲೆಯಿಂದಲೇ ಕರೆದುಕೊಂಡು ಚಿಕ್ಕಮ್ಮನ ಮನೆಗೆ ಹೋಗು. ಬಟ್ಟೆಬರೆ ಬೇಡ, ಹೊಸ ಕಾದಂಬರಿಯ ಕೈಬರಹವನ್ನು ಮಾತ್ರ ಬಿಡಬೇಡ. ಉತ್ತರ ಬರೆಯಬೇಡ. ನನಗೆ ಬರುವ ಪತ್ರವನ್ನು ಇನ್ನು ಮೊದಲು ಓದುವವಳು ನಾನಲ್ಲ.

ನಿನ್ನ ತಂಗಿ