ರಿಪೇರಿಗೆ ಬಿಟ್ಟಿದ್ದ ಕ್ಯಾಮೆರಾ

ನವೆಂಬರ್ ೧೨, ಬುಧವಾರ

ನಾನು ಕುರೋಸೆ ಮಿತ್ಸುಯೊ, ನಕಾನೊ ಪೇಟೆಯ ಈ ಹಳೆ ಕ್ಯಾಮೆರಾ ಅಂಗಡಿಯ ಯಜಮಾನಿ. ನಲವತ್ತು ವರ್ಷದಿಂದ ಇಲ್ಲಿ ನನ್ನ ಮಾತೇ ಕೊನೆ. ಇವತ್ತು ಅದೇ ಬಾಯಲ್ಲಿ ಸುಳ್ಳು ಹೇಳಿದೆ.

ಆರು ವರ್ಷದ ಹಿಂದಿನ ರಿಪೇರಿ ಚೀಟಿ ಹಿಡಿದು ಹಿರಾನೊ ಅಜ್ಜಿ ಬಂದಿದ್ದರು. "ನಮ್ಮವರ ಪುಟ್ಟ ಕ್ಯಾಮೆರಾ. ಆಸ್ಪತ್ರೆ ಓಡಾಟದಲ್ಲಿ ಮರೆತೇಬಿಟ್ಟೆ. ಅವರಂತೂ ಹೋದ್ರು, ಅದಾದ್ರೂ ಇರ್ಲಿ."

ಈಗಿನ ಹುಡುಗಿಯರು ಫೋನು ಬಿಟ್ಟು ಇಂಥ ಹಳೇ ಪುಟ್ಟ ಕ್ಯಾಮೆರಾಗಳಿಗೇ ಮುಗಿಬೀಳುವುದನ್ನು ಕಂಡು, ಹೋದ ತಿಂಗಳು ಅದನ್ನು ಮಾರಿದವಳು ನಾನೇ. "ರಿಪೇರಿ ಆಗ್ಲಿಲ್ಲ, ಎಸೆದ್ವಿ" ಎಂದೆ. ಅಜ್ಜಿ ನನಗೇ ತಲೆಬಾಗಿ ಹೊರಟರು.

ಸೊಸೆ ಚಿಜುರು ಗಿರಾಕಿಗಳ ವಸ್ತು ಇಡುವ ಕಪಾಟು ಒರೆಸುತ್ತಿದ್ದಳು. "ಗಿರಾಕಿ ವಸ್ತು ಮುಟ್ಟಿದ್ರೆ ಕೈ ಮುರೀತೀನಿ ಅಂತಿದ್ರಲ್ಲ, ಅತ್ತೆ?"

ಮುಖ ಇನ್ನೂ ಉರಿಯುತ್ತಿದೆ. ಸಂಜೆ ಅಜ್ಜಿಯ ಮನೆಗೆ ಹೋಗಿ, ನೆಲಕ್ಕೆ ಹಣೆ ಹಚ್ಚಿ, ನಿಜ ಹೇಳಿದೆ. ಅವರು ಬೈಯಲಿಲ್ಲ, ಚಹಾ ಕೂಡ ಕೊಡಲಿಲ್ಲ. ಮನೆಗೆ ಬಂದವಳೇ ಕಪಾಟಿನ ಬೀಗದ ಕೈ ಸೊಸೆಯ ಕೈಗಿಟ್ಟೆ.