ಊರ ಪುಸ್ತಕದಲ್ಲಿ ನಿನ್ನ ಹೆಸರು

ಬೆನಿಮಸಾರ್,
ಅಲಿಕಾಂತೆ ಜಿಲ್ಲೆ, ಸ್ಪೇನ್.
ಏಪ್ರಿಲ್ 14, ಮಂಗಳವಾರ

ಪ್ರೀತಿಯ ಜೋಯ್ಸ್,

ಕಾಗದವನ್ನು ಹೀಗೇ ಶುರು ಮಾಡಬೇಕೆಂದು ಅಮ್ಮ ಕಲಿಸಿದ್ದರಿಂದ ‘ಪ್ರೀತಿಯ’ ಎಂದು ಬರೆದಿದ್ದೇನೆ. ಅದರಲ್ಲಿ ಬೇರೆ ಅರ್ಥ ಹುಡುಕಬೇಡ. ನಿನ್ನ ಮೊಣಕಾಲು ಹೇಗಿದೆ? ಇಂಗ್ಲೆಂಡಿನ ಆ ಹಲ್ ಊರಿನ ಚಳಿಗೆ ಅದು ಒಗ್ಗಿತೇ? ಒಗ್ಗದಿದ್ದರೆ ನನಗೇನೂ ಸಂಕಟವಿಲ್ಲ, ನೀನಾಗಿ ಹುಡುಕಿಕೊಂಡು ಹೋದ ಚಳಿ ಅದು. ನೀನು ಕೇಳಿಲ್ಲವಾದರೂ ಹೇಳುತ್ತೇನೆ, ನಾನು ಗುಂಡುಕಲ್ಲಿನ ಹಾಗಿದ್ದೇನೆ. ಫೋನ್ ಯಾಕೆ ಎತ್ತುವುದಿಲ್ಲ ಎಂದು ಮೂರು ಸಲ ಸಂದೇಶ ಕಳಿಸಿದ್ದೀಯ. ಫೋನಿನಲ್ಲಾದರೆ ನಾನು ಒಂದು ಮಾತು ಮುಗಿಸುವಷ್ಟರಲ್ಲಿ ನೀನು ನಾಲ್ಕು ಆಡಿರುತ್ತೀಯ. ಕಾಗದದ ನಡುವೆ ನಿನಗೆ ಬಾಯಿ ಹಾಕಲು ಬರುವುದಿಲ್ಲ. ಆದ್ದರಿಂದ ಕುರ್ಚಿ ಎಳೆದುಕೊಂಡು ಕೂತು ಪೂರ್ತಿ ಓದು.

ಹದಿನೈದು ದಿನ ಎಂದು ಹೇಳಿ ಸೆಪ್ಟೆಂಬರಿನಲ್ಲಿ ಹೋದವಳು ನೀನು. ಮಗ ಡಂಕನ್ನನ ಮಗುವಿನ ಮುಖ ನೋಡಿ ಬರುತ್ತೇನೆ ಎಂದೆ. ಈಗ ಏಳು ತಿಂಗಳಾಯಿತು. ಒಂದು ಮಗುವಿನ ಮುಖದಲ್ಲಿ ಏಳು ತಿಂಗಳು ನೋಡುವಂಥದ್ದು ಏನಿರುತ್ತದೆ? ಸೊಸೆಗೆ ಕೈಯಾಸರೆ ಬೇಕು ಎನ್ನುತ್ತೀಯ. ಇಲ್ಲಿ ಇನ್ನೊಬ್ಬಳಿಗೆ ಬಾಯಾಸರೆ ಬೇಕಿತ್ತು ಎಂಬುದು ನಿನಗೆ ಗೊತ್ತೇ ಇತ್ತು. ಈ ಊರಿಗೆ ಬಂದ ದಿನದಿಂದ ಒಂಬತ್ತು ವರ್ಷ ನಾನು ಕಾರು ಓಡಿಸಿದೆ, ನೀನು ಮಾತಾಡಿದೆ. ನಮ್ಮ ಒಪ್ಪಂದ ಅದು. ನಾನು ಒಂದು ದಿನವೂ ಕಾರಿನ ಬೀಗದ ಕೈ ಬಚ್ಚಿಡಲಿಲ್ಲ. ನೀನು ಮಾತ್ರ ಸ್ಪ್ಯಾನಿಷ್ ಭಾಷೆಯನ್ನು ನಿನ್ನ ಸೆರಗಿಗೇ ಗಂಟು ಹಾಕಿಕೊಂಡು ಓಡಾಡಿದೆ. ನಾನು ಒಂದು ಪದ ಆಡಿದರೆ ಸಾಕು, ಅಂಗಡಿಯವರ ಮುಂದೆಯೇ ತಿದ್ದುತ್ತಿದ್ದೆ. ತಿದ್ದಿಸಿಕೊಂಡು ತಿದ್ದಿಸಿಕೊಂಡು ನಾನು ಬಾಯಿ ಮುಚ್ಚಿದೆ. ಆಮೇಲೆ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಇಳಿಸಿಕೊಳ್ಳುತ್ತಾ ಏನೆಂದೆ, ನೆನಪಿದೆಯೇ? “ನಾನಿಲ್ದೆ ಒಂದು ವಾರ ಇದ್ದು ನೋಡು. ಒಂದು ಕಟ್ಟು ಸೊಪ್ಪು ಕೇಳೋಕೂ ನಿನಗೆ ಬರಲ್ಲ.” ಹೋಗು, ತಿರುಗಿ ಬರಬೇಡ ಎಂದು ನಾನೂ ಅಂದೆ, ಇಲ್ಲವೆನ್ನುವುದಿಲ್ಲ. ಅಂದದ್ದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ.

ಇದ್ದು ನೋಡಿದೆ. ಕೇಳು. ಗ್ಯಾಸಿನ ಲಾರಿ ಮಂಗಳವಾರ ಬರುತ್ತದೆ, ಖಾಲಿ ಸಿಲಿಂಡರನ್ನು ಬೆಳಿಗ್ಗೆಯೇ ಹೊಸ್ತಿಲ ಆಚೆ ಇಟ್ಟಿರಬೇಕು ಎಂದು ನೀನು ಒಂದು ಚೀಟಿಯಲ್ಲಾದರೂ ಬರೆದಿಡಬಹುದಿತ್ತು. ಹಾರನ್ ಕೇಳಿ ನಾನು ಒಳಗಿನಿಂದ ಎಳೆದು ತರುವಷ್ಟರಲ್ಲಿ ಅವನು ತಿರುವು ದಾಟಿರುತ್ತಿದ್ದ. ಅಕ್ಟೋಬರಿನಲ್ಲಿ ಮೂರು ವಾರ ತಣ್ಣೀರು ಸ್ನಾನ ಮಾಡಿದ್ದೇನೆ, ಎಪ್ಪತ್ಮೂರರ ವಯಸ್ಸಿನಲ್ಲಿ. ಔಷಧಿ ಅಂಗಡಿಯದು ಇನ್ನೊಂದು ಕಥೆ. ನಾವು ಹುಟ್ಟಿದಲ್ಲಿ ಒಬ್ಬರ ಹಿಂದೆ ಒಬ್ಬರು ನಿಲ್ಲುವುದು ಕ್ರಮ, ನಾನೂ ಹಾಗೇ ನಿಂತೆ. ಸಾಲಿನಲ್ಲಿ ನಾನೊಬ್ಬಳೇ. ಉಳಿದವರೆಲ್ಲ ಬೆಂಚಿನ ಮೇಲೆ, ಬಾಗಿಲಲ್ಲಿ, ತೂಕದ ಯಂತ್ರದ ಮೇಲೆ ಹರಟುತ್ತಾ ಕೂತಿದ್ದಾರೆ. ಹೊಸದಾಗಿ ಬಂದವರು ಏನೋ ಒಂದು ಮಾತು ಕೂಗುತ್ತಾರೆ, ಯಾರೋ ಕೈ ಎತ್ತುತ್ತಾರೆ. ಒಂದು ಗಂಟೆ ನಿಂತೆ, ನನ್ನ ಪಾಳಿ ಬರಲೇ ಇಲ್ಲ. ಒಳಗೆ ಕಾಲಿಟ್ಟೊಡನೆ “ಕೊನೆಯವ್ರು ಯಾರ್ರೀ?” ಎಂದು ಕೇಳಬೇಕು, ಕೈ ಎತ್ತಿದವರ ಮುಖ ನೆನಪಿಟ್ಟುಕೊಳ್ಳಬೇಕು, ಅವರು ಎದ್ದ ಮೇಲೆ ನಾನು. ಇಷ್ಟೇ ಗುಟ್ಟು. ಒಂಬತ್ತು ವರ್ಷ ನೀನು ಅದನ್ನು ಕೇಳುತ್ತಲೇ ಇದ್ದೆ, ನೀನು ನಮಸ್ಕಾರ ಹೇಳುತ್ತಿದ್ದೀಯ ಎಂದು ನಾನು ಅಂದುಕೊಂಡಿದ್ದೆ. ಈಗ ನಾನೂ ಕೂಗುತ್ತೇನೆ. ನನ್ನ ಉಚ್ಚಾರಣೆಗೆ ಯಾರೂ ನಗುವುದಿಲ್ಲ. ನಗುತ್ತಿದ್ದವಳು ಹಲ್‌ನಲ್ಲಿದ್ದಾಳೆ.

ಈಗ ವಿಷಯಕ್ಕೆ ಬರುತ್ತೇನೆ. ಫೆಬ್ರವರಿಯಲ್ಲಿ ಪುರಸಭೆಯಿಂದ ನಿನ್ನ ಹೆಸರಿಗೆ ಒಂದು ಕಾಗದ ಬಂತು, ಮಾರ್ಚಿನಲ್ಲಿ ಇನ್ನೊಂದು. ಎರಡನ್ನೂ ಸಕ್ಕರೆ ಡಬ್ಬಿಯ ಕೆಳಗೆ ತುರುಕಿದೆ, ನಿನ್ನ ಕಾಗದ ಓದುವ ಕೆಲಸ ನನ್ನದಲ್ಲ. ಮೂರನೆಯದು ಬಂದಾಗ ಹೋಗಲೇಬೇಕಾಯಿತು. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ? ಪುರಸಭೆಯ ಗುಮಾಸ್ತೆ ಮಿಲಾಗ್ರೋಸ್, ಅದೇ ಕನ್ನಡಕವನ್ನು ತಲೆಯ ಮೇಲೆ ಇಟ್ಟುಕೊಂಡು ಎಲ್ಲೆಲ್ಲೋ ಹುಡುಕುವವಳು, ಊರಿನಲ್ಲಿ ವಾಸ ಇರುವವರ ಪುಸ್ತಕ ತೆಗೆದಳು. ಈ ಮನೆಗೆ ಎರಡು ಹೆಸರು: ಬೆರಿಲ್ ಸ್ಟಾಟ್, ಜೋಯ್ಸ್ ಪಾಡ್ಮೋರ್. ಎರಡನೆಯವಳು ಇದ್ದಾಳೋ ಇಲ್ಲವೋ ಎಂದು ಊರಿನಲ್ಲಿ ಯಾರೋ ಅನುಮಾನ ಎತ್ತಿದ್ದಾರಂತೆ. ಅವಳು ನಿಮಗೆ ಏನಾಗಬೇಕು ಎಂದಳು. ತಂಗಿ ಎಂದೆ. ಅಷ್ಟು ಸ್ಪ್ಯಾನಿಷ್ ನನಗೂ ಬರುತ್ತದೆ. ಅವಳು ನನ್ನನ್ನು ನೋಡಿದಳು, ಪುಸ್ತಕವನ್ನು ನೋಡಿದಳು, ಎದ್ದುಹೋಗಿ ಬಾಗಿಲು ಮುಂದೆ ಮಾಡಿ ಬಂದಳು. ಈ ದೇಶದಲ್ಲಿ ಹೆಣ್ಣು ಎಷ್ಟು ಮದುವೆಯಾದರೂ ಅಪ್ಪ ಅಮ್ಮನ ಮನೆಹೆಸರು ಬಿಡುವುದಿಲ್ಲವಷ್ಟೇ. ಒಂದೇ ತಾಯಿಯ ಮಕ್ಕಳಿಗೆ ಸಾಯುವವರೆಗೆ ಒಂದೇ ಮನೆಹೆಸರು. ನಾವಿಬ್ಬರೂ ಗಂಡಂದಿರ ಹೆಸರು ಇಟ್ಟುಕೊಂಡೆವು, ಅವರು ಸತ್ತ ಮೇಲೂ ಬಿಡಲಿಲ್ಲ. ಬೇರೆ ಬೇರೆ ಹೆಸರಿನ ಇಬ್ಬರು ಹೆಂಗಸರು, ಒಂದು ಮನೆ, ಒಂದು ಕಾರು, ಒಂದೇ ಟಪಾಲು ಡಬ್ಬಿ. ಸಂಬಂಧ ಬರೆಯುವ ಜಾಗದಲ್ಲಿ ಒಂದು ಗೆರೆ ಎಳೆದಿದೆ. ಅವತ್ತು ತುಂಬಿದವಳು ನೀನು, ಗೆರೆ ನಿನ್ನ ಕೈಯದು, ಜೋಯ್ಸ್. ನಾನು ನಿನಗೆ ಒಂದು ಗೆರೆ.

ಮಿಲಾಗ್ರೋಸ್ ತನ್ನ ಎರಡು ತೋರುಬೆರಳು ಜೋಡಿಸಿ ನನ್ನ ಮುಂದೆ ಹಿಡಿದಳು. ನಿಧಾನಕ್ಕೆ, ಕಿವುಡಿಗೆ ಹೇಳುವ ಹಾಗೆ ಹೇಳಿದಳು, ಪೂರ್ತಿ ಅರ್ಥವಾಯಿತು. “ದೊನ್ಯಾ ಬೆರಿಲ್, ತಂಗಿ ಗಿಂಗಿ ಅಂತ ಮುಚ್ಚಿಡೋ ಕಾಲ ಹೋಯ್ತು. ನಮ್ಮೂರಲ್ಲಿ ಮೊದಲ ವರ್ಷದಿಂದ ಎಲ್ರಿಗೂ ಗೊತ್ತು. ನಿಮ್ಮ ಮನೆಯವ್ರು ನಿಮ್ಮನ್ನ ಬಿಟ್ಟುಹೋದ್ರು ಅಂತ ನಮಗೆಲ್ಲ ಎಷ್ಟು ಬೇಜಾರಾಗಿದೆ ಗೊತ್ತಾ?” ನಾನು ನೆಲ ನೋಡಿದೆ. ನಾಚಿಕೆಯಿಂದ ಎಂದುಕೊಂಡಳು. ನಗು ತಡೆಯಲು ನೋಡಿದ್ದು. ಒಂಬತ್ತು ವರ್ಷ ಊರ ಬಾಯಲ್ಲಿ ಬಾಯಿಟ್ಟು ಮಾತಾಡಿದ ಪಂಡಿತೆ ನೀನು, ಊರು ನಮ್ಮನ್ನು ಏನೆಂದುಕೊಂಡಿದೆ ಎಂಬುದು ಮಾತ್ರ ನಿನಗೆ ತಿಳಿಯಲಿಲ್ಲ. ಎಷ್ಟು ಚೆನ್ನಾಗಿ ಬರುತ್ತಿತ್ತು ನಿನ್ನ ಸ್ಪ್ಯಾನಿಷ್!

ಚಳಿಗಾಲವಿಡೀ ನನಗೆ ಊಟ ಯಾಕೆ ಬರುತ್ತಿತ್ತು ಎಂಬುದು ಆಗ ಹೊಳೆಯಿತು. ಪಕ್ಕದ ಮನೆಯ ವಿಸೆಂತಾ ಮುದುಕಿ ಪ್ರತಿ ಭಾನುವಾರ ಕಡಲೆಕಾಳು, ಟೊಮೇಟೊ, ನಡುವೆ ಒಂದು ಇಡೀ ಬೆಳ್ಳುಳ್ಳಿ ಗೆಡ್ಡೆ ಇಟ್ಟು ಒಲೆಯಲ್ಲಿ ಬೇಯಿಸಿದ ಅನ್ನ ತಂದು, ನಾನು ತಿನ್ನುವವರೆಗೆ ಎದುರಿಗೆ ಕೂತಿರುತ್ತಾಳೆ. ಪುರಸಭೆಯಿಂದ ಬಂದ ದಿನ ಸಂಜೆಯೂ ಬಂದಳು. “ತಿನ್ನು ಮಗಳೇ. ನನ್ನ ಗಂಡನೂ ಎಲ್ಚೆ ಊರಿನ ಚಪ್ಪಲಿ ಕಾರ್ಖಾನೆಯವಳ ಹಿಂದೆ ಹೋಗಿದ್ದ. ಎರಡು ವರ್ಷ ಆದ್ಮೇಲೆ ಬಾಲ ಮುದುರ್ಕೊಂಡು ಬಂದ. ಮೂರು ಸಲ ಬಾಗಿಲು ಬಡಿಸಿ ಆಮೇಲೆ ತೆಗೆದೆ. ನಿನ್ನ ಹೋಯ್ಸೇನೂ ಬರ್ತಾಳೆ. ಆದ್ರೆ ಮೊದಲ್ನೇ ಸಲಕ್ಕೇ ತೆಗೀಬೇಡ.” ಹೋಯ್ಸೇ ಎಂದರೆ ನೀನು, ಇವರ ಬಾಯಲ್ಲಿ ಜೋಯ್ಸ್ ಹಾಗಾಗುತ್ತದೆ. ಅವಳು ನನ್ನ ತಂಗಿ ಎಂದು ಎರಡು ಸಲ ಹೇಳಿದೆ. “ಹೂಂ, ಹೂಂ, ತಂಗಿ” ಎಂದು ಕೆನ್ನೆ ತಟ್ಟಿದಳು. ಮೂರನೇ ಸಲ ಹೇಳುವ ಗೋಜಿಗೆ ಹೋಗಲಿಲ್ಲ. ಯಾಕೆ ಹೋಗಲಿ? ಇಡೀ ಬೆನಿಮಸಾರ್ ನನ್ನ ಪಕ್ಷ. ಮಾಂಸದಂಗಡಿಯವಳು ನನಗೆ ಒಳ್ಳೆಯ ತುಂಡು ಎತ್ತಿಡುತ್ತಾಳೆ, ನಿನ್ನ ಹೆಸರೆತ್ತಿದರೆ ಕತ್ತಿಯನ್ನು ಹಲಗೆಗೆ ಜೋರಾಗಿ ಹಾಕುತ್ತಾಳೆ. ನೀನು ಇಲ್ಲಿಗೆ ಬಂದರೆ ನಿನಗೆ ಒಂದು ಬ್ರೆಡ್ಡು ಹುಟ್ಟುವುದೂ ಕಷ್ಟ. ಇದರಿಂದ ನನಗೆ ಎಷ್ಟು ಸಂತೋಷವಾಗಿದೆ ಎಂದರೆ ನನಗೇ ನಾಚಿಕೆ. ಬಿಟ್ಟುಹೋದವಳ ಮೇಲೆ ಊರಿಗೆ ಬರುವಷ್ಟು ಸಿಟ್ಟೇ ನನಗೂ ಬಂದಿದೆ, ಅಕ್ಕನಿಗೆ ಅಷ್ಟು ಸಿಟ್ಟು ಸಲ್ಲದು ಎಂದು ಇಷ್ಟು ದಿನ ನುಂಗಿಕೊಂಡಿದ್ದೆ.

ಮಿಲಾಗ್ರೋಸ್ ಕೊಟ್ಟ ಕಾಗದ ಈಗ ಈ ಮೇಜಿನ ಮೇಲೇ ಇದೆ. ‘ಈ ವ್ಯಕ್ತಿ ಈ ವಿಳಾಸದಲ್ಲಿ ವಾಸವಿಲ್ಲ’ ಎಂದು ಅಚ್ಚಾಗಿದೆ, ಕೆಳಗೆ ನಾನು ಸಹಿ ಹಾಕಬೇಕು. ಹಾಕಿದರೆ ಪುಸ್ತಕದಿಂದ ನಿನ್ನ ಹೆಸರು ಹೊಡೆದುಹಾಕುತ್ತಾರೆ. ಹೆಸರು ಹೋದರೆ ಆಸ್ಪತ್ರೆಯ ಕಾರ್ಡು ಹೋಗುತ್ತದೆ, ಅದರ ಹಿಂದೆ ವಾಸದ ಕಾರ್ಡಿಗೂ ಕುತ್ತು ಬರುತ್ತದೆ ಎಂದಳು. ಯುರೋಪಿನ ಒಕ್ಕೂಟ ಬಿಟ್ಟ ಮೇಲೆ ನಮ್ಮ ದೇಶದವರು ಹೊಸದಾಗಿ ಬಂದು ನೆಲೆಸುವುದು ಎಷ್ಟು ಕಷ್ಟವೆಂದು ನಿನಗೇ ಗೊತ್ತು. ಆಮೇಲೆ ಇಲ್ಲಿಗೆ ನೀನು ಬಿಸಿಲು ಕಾಯಲು ಬರುವ ಪ್ರವಾಸಿ ಅಷ್ಟೇ, ದಿನ ಎಣಿಸಿಕೊಂಡು ಹೊರಡಬೇಕು. ಸಹಿ ಹಾಕದಿದ್ದರೆ ಪುರಸಭೆಯ ಪೊಲೀಸ್ ಎಲಿಸೇವ್ ಯಾವ ದಿನ ಬೇಕಾದರೂ ಬಂದು ಕಣ್ಣಾರೆ ನೋಡಿ ಬರೆದುಕೊಂಡು ಹೋಗುತ್ತಾನೆ. ನಾನು ಸುಳ್ಳು ಹೇಳುವವಳಲ್ಲ, ಅಪ್ಪನ ಮುಂದೆ ನಿನ್ನ ಸುಳ್ಳುಗಳನ್ನೂ ನಾನೇ ಬಯಲು ಮಾಡುತ್ತಿದ್ದೆ. ಈ ಕಾಗದ ಮುಗಿಸಿ ಆ ಕಾಗದಕ್ಕೆ ಸಹಿ ಹಾಕುತ್ತೇನೆ. ಪೆನ್ನು ಒಂದೇ, ಖರ್ಚೇನೂ ಇಲ್ಲ. ನಿನಗೆ ಮೊದಲೇ ತಿಳಿಸುವುದು ಧರ್ಮ ಎಂದು ತಿಳಿಸಿದ್ದೇನೆ.

ಡಂಕನ್ನನಿಗೂ ಅವನ ಹೆಂಡತಿಗೂ ನನ್ನ ಶುಭಾಶಯ. ಮಗುವಿಗೆ ಎರಡು ಕೆನ್ನೆಗೂ ಮುತ್ತು, ಅದರ ತಪ್ಪೇನಿದೆ. ದೇವರು ಆ ಮನೆಯನ್ನು ಚೆನ್ನಾಗಿಟ್ಟಿರಲಿ. ನಿನಗೆಂದು ಬೇರೆ ಏನೂ ಉಳಿದಿಲ್ಲ.

ನಿನ್ನ ಅಕ್ಕ
(ಊರ ಪುಸ್ತಕದ ಪ್ರಕಾರ ಒಂದು ಗೆರೆ),
ಬೆರಿಲ್

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಎಲಿಸೇವ್ ಬಾಗಿಲು ತಟ್ಟಿದ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಂಚೆ ಎರಡು ಗಂಟೆಗೆ ಮುಚ್ಚುತ್ತದೆ. “ನಿಮ್ಮ ಮನೆಯವ್ರು ಇದಾರಾ?” ಎಂದ. ಸ್ನಾನ ಮಾಡ್ತಿದಾಳೆ ಎಂದೆ. ಹೇಗೆ ಬಾಯಿಗೆ ಬಂತೋ ತಿಳಿಯದು, ವ್ಯಾಕರಣ ಮಾತ್ರ ಒಂದೂ ತಪ್ಪಲಿಲ್ಲ. ಅವನು ಟೋಪಿ ತೆಗೆದಿಟ್ಟು ಕೂತೇಬಿಟ್ಟ. ನಾನು ಒಳಗೆ ಹೋಗಿ ಶವರ್ ತಿರುಗಿಸಿ, ಸ್ನಾನದ ಮನೆಯ ಬಾಗಿಲು ಹಾಕಿ ಬಂದು ಕಾಫಿಗಿಟ್ಟೆ. ಅರ್ಧ ಗಂಟೆ ಕೂತ. ಕೊನೆಗೆ ಎದ್ದು, “ಭಾರಿ ಮಡಿಯವ್ರು. ಮೂವತ್ತನೇ ತಾರೀಖು ಗುರುವಾರ ಬರ್ತೀನಿ, ಅವತ್ತು ಒಣಗಿರೋಕೆ ಹೇಳಿ” ಎಂದು ಹೋದ. ಒಳಗೆ ಯಾರೂ ಇಲ್ಲವೆಂದು ಅವನಿಗೆ ಗೊತ್ತಾಗಿದೆ, ಗೊತ್ತಾಯಿತೆಂದು ನನಗೂ ಗೊತ್ತು. ಆ ಕಾಗದಕ್ಕೆ ಇನ್ನೂ ಸಹಿ ಹಾಕಿಲ್ಲ. ಇಪ್ಪತ್ತೊಂಬತ್ತನೇ ತಾರೀಖು ವಿಮಾನ ನಿಲ್ದಾಣದ ಹೊರಗೆ ಕಾರು ನಿಲ್ಲಿಸಿಕೊಂಡಿರುತ್ತೇನೆ. ಬರುವವಳು ಮೂರು ಸಲ ಬಡಿಯಬೇಕಾಗಿಲ್ಲ. ಇನ್ನೊಂದು ಮಾತು. ನೀರು ಬೀಳುವ ಸದ್ದಿಗೆ ಒಳಗೆ ನೀನೇ ಇದ್ದ ಹಾಗಿತ್ತು. ಅವನು ಹೋದ ಮೇಲೂ ನಾನು ಅದನ್ನು ನಿಲ್ಲಿಸಲಿಲ್ಲ.