ಬಗಲಲ್ಲಿ ತಂದ ಕೌದಿ

ಸಿಂಧನೂರು
ತಾ. ೨೨-೧-೧೯೬೬

ಪ್ರೀತಿಯ ತಮ್ಮ ವೆಂಕೋಬನಿಗೆ ಅಕ್ಕನ ಆಶೀರ್ವಾದಗಳು.

ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ. ಮೈಗೇನೂ ಆಗಿಲ್ಲ, ಗಾಬರಿಯಾಗಬೇಡ. ಇದನ್ನು ಕುಳಿತುಕೊಂಡು ಓದು.

ಡ್ರಾಯಿಂಗ್ ಟೀಚರ್ ಕೆಲಸ ಬಿಟ್ಟು ಊರೂರಲ್ಲಿ ಚಿತ್ರಪ್ರದರ್ಶನ ಏರ್ಪಡಿಸುತ್ತ ತಿರುಗುವ ನನ್ನನ್ನು ನೋಡಿ ನೀನು ಸಂಬಳವಿಲ್ಲದ ನೌಕರಿ ಎಂದು ನಗುತ್ತೀಯಲ್ಲ, ಈ ಸಲ ನಾನು ತೂಗುಹಾಕಹೊರಟದ್ದು ಚಿತ್ರವನ್ನೂ ಅಲ್ಲ, ಕೌದಿಯನ್ನು. ಕಾಲುವೆ ನೀರು ಬಂದು ಎಲ್ಲರೂ ಭತ್ತದ ಹಿಂದೆ ಬಿದ್ದ ಮೇಲೆ ಇಲ್ಲಿನ ಉಸ್ಮಾನ್‌ಸಾಬರ ಹತ್ತಿ ಬಿಡಿಸುವ ಜಿನ್ ಕಾರ್ಖಾನೆ ಖಾಲಿ ಬಿದ್ದಿದೆ. ಬೇಕಾದರೆ ಒಂದು ವಾರ ಇಟ್ಟುಕೊಳ್ಳವ್ವ ಎಂದು ಅವರು ಬೀಗದಕೈ ಕೊಟ್ಟರು. ತುರ್ವಿಹಾಳ, ಗೊರೇಬಾಳ, ಬಳಗಾನೂರು ಎಂದು ಬಸ್ಸು ಹತ್ತಿ ಇಳಿದು, ಹೆಂಗಸರು ಹಳೇ ಸೀರೆ ಧೋತರದ ತುಂಡು ಜೋಡಿಸಿ ಹೊಲಿದ ಕೌದಿಗಳನ್ನು ಬೇಡಿ ತಂದೆ. ಯಾವುದರ ಪಕ್ಕ ಯಾವುದು ಇರಬೇಕು, ಯಾವುದಕ್ಕೆ ಕಿಟಕಿಯ ಬೆಳಕು ಬೀಳಬೇಕು, ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ.

ದೀಪಾವಳಿಯಾದ ಹೊಸತರಲ್ಲಿ ಬಳಗಾನೂರಿನ ಬಾಲಪ್ಪನವರ ಮನೆಯಲ್ಲಿ ನಾನು ಬಾಯಿ ತೆರೆದು ನಿಂತುಬಿಟ್ಟೆ. ಅವರ ಮಗಳು ಗ್ಯಾನಮ್ಮ ಹೊಲಿದ ಕೌದಿ. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ನೀಲಿ ತುಂಡುಗಳ ಕಾಲುವೆ, ಅದರ ಒಂದು ದಂಡೆಗೆ ಬರೀ ಹಸಿರು, ಇನ್ನೊಂದು ದಂಡೆಗೆ ಕರಿ ಎರೆಮಣ್ಣಿನ ಬಣ್ಣ. ನೀರು ಹತ್ತದ ಹೊಲ ಅದು ಎಂದು ಹುಡುಗಿಯೇ ಹೇಳಿದಳು. ಹೈದರಾಬಾದಿನ ಚಿತ್ರಶಾಲೆಯಲ್ಲಿ ನಾಲ್ಕು ವರ್ಷ ನಾನು ಏನು ಕಲಿತೆನೋ ದೇವರಿಗೇ ಗೊತ್ತು. ಹುಡುಗಿಯ ತಾಯಿ ಮುದುಕಮ್ಮ ನಮ್ಮ ಮಸ್ಕಿಯ ಮನೆತನ ಕೇಳಿ, ಅಯ್ಯ ನಮ್ಮ ಮಂದೀನ ಎಂದು ಹಿಗ್ಗಿದಳು. ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದಳು. ಒಬ್ಬ ತಮ್ಮ, ಲಿಂಗಸುಗೂರಿನ ಕಾಲುವೆ ಆಫೀಸಿನಲ್ಲಿದ್ದಾನೆ, ಇನ್ನೂ ಮದುವೆಯಿಲ್ಲ, ತಾನೇ ಬೇಯಿಸಿಕೊಂಡು ತಿನ್ನುತ್ತಾನೆ ಎಂದೆ. ಕೈಯಲ್ಲಿ ಸಕ್ಕರೆ ಹಾಕಿದರು, ತಿಂದೆ. ಹುಡುಗಿ ಕಾಲಿಗೆ ನಮಸ್ಕಾರ ಮಾಡಿದಳು. ಏನೂ ಕೊಡದೆ ಒಯ್ಯುವುದು ಹೇಗೆ ಎಂದು ಎಲ್ಲ ಮನೆಗಳಿಗೂ ಕೊಟ್ಟ ಹಾಗೆ ಅವಳಿಗೂ ಒಂದು ಕುಪ್ಪಸದ ಖಣ ಕೊಟ್ಟು, ಕೌದಿ ಬಗಲಲ್ಲಿ ಹಿಡಿದು ಬಸ್ಸು ಹತ್ತಿದೆ. ಪ್ರದರ್ಶನಕ್ಕೆ ತಪ್ಪದೆ ಬರಬೇಕು ಎಂದು ತಿಥಿಯನ್ನೂ ಹೇಳಿ ಬಂದೆ.

ನಿನ್ನೆ ಬಂದರು. ಚಕ್ಕಡಿ ತುಂಬ ಮಂದಿ, ಕುಂಕುಮದ ಬಟ್ಟಲು, ಎಲೆ ಅಡಿಕೆ, ಕೊಬ್ಬರಿ. ಹಳ್ಳಿಯವರು ಚಿತ್ರಕಲೆಗೆ ಇಷ್ಟು ಮರ್ಯಾದೆ ಕೊಡುತ್ತಾರಲ್ಲ ಎಂದು ನನ್ನ ಕಣ್ಣು ತುಂಬಿತು ನೋಡು, ನನ್ನಂಥ ಹುಚ್ಚಿ ಇನ್ನೊಬ್ಬಳಿಲ್ಲ. ಮುದುಕಮ್ಮ ಒಳಗೆ ಕಾಲಿಟ್ಟವಳು ಗೋಡೆ ಗೋಡೆ ನೋಡಿದಳು. ಮುಖ ಕಪ್ಪಿಟ್ಟಿತು. “ಏನ್ರೀ ಬೀಗತೇರ, ಏಸು ಮನಿ ಕೌದಿ ತಂದೀರಿ? ಇರೋ ಒಬ್ಬ ತಮ್ಮಗ ಏಸು ಮಂದಿ ಹೇಣ್ತೇರು?” ಎಂದಳು.

ನನಗೆ ಅರ್ಥವಾಗಲಿಲ್ಲ. ಉಸ್ಮಾನ್‌ಸಾಬರು ಪಕ್ಕಕ್ಕೆ ಕರೆದು ಬಿಡಿಸಿ ಹೇಳಿದರು. ವೆಂಕೋಬ, ಆ ಕಡೆ ನಮ್ಮ ಮಂದಿಯಲ್ಲಿ ಗಂಡಿನ ಮನೆಯ ಹೆಂಗಸು ಬಂದು ಹುಡುಗಿಯ ಕೌದಿ ಬಿಚ್ಚಿ ನೋಡುತ್ತಾಳಂತೆ. ಮನಸ್ಸಿಗೆ ಬಾರದಿದ್ದರೆ ಮಡಚಿ ಅಲ್ಲೇ ಇಟ್ಟು ಹೋಗುತ್ತಾಳೆ. ಬಂದರೆ ಖಣ ಕೊಟ್ಟು, ಕೌದಿ ಬಗಲಲ್ಲಿ ಹಿಡಿದು ಒಯ್ಯುತ್ತಾಳೆ. ಅದೇ ಮದುವೆಯ ಮಾತು, ಬೇರೆ ನಿಶ್ಚಯವಿಲ್ಲ. ನಾನು ಕೌದಿ ತಂದ ಉಳಿದ ಮನೆಗಳು ಬೇರೆ ಮಂದಿಯವು, ಅಲ್ಲಿ ಈ ರೂಢಿಯಿಲ್ಲ. ಅವ್ವ ಬದುಕಿದ್ದರೆ ಹೇಳಿರುತ್ತಿದ್ದಳು. ನಾನು ಬಣ್ಣ ನೋಡುತ್ತ ಕುಳಿತಿದ್ದಾಗ ಆ ಮನೆಯವರು ಮಗಳ ಬಾಳು ನನ್ನ ಕೈಗೆ ಕೊಟ್ಟಿದ್ದರು.

ಇನ್ನೂ ಕೆಟ್ಟದ್ದಿದೆ. ಬಾಲಪ್ಪನವರು ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆ. “ತುರ್ವಿಹಾಳದಾಗ ಒಂದು ಗಂಡು ನೋಡಿದ್ವಿ. ನಾನ ಹೋಗಿ, ಹುಡುಗಿ ಮಾತು ಆಗೈತಿ, ಬ್ಯಾರೆ ಕಡೆ ನೋಡ್ಕೋರಿ ಅಂದು ಬಂದೀನಿ. ಅವರು ಬ್ಯಾರೆ ಹೆಣ್ಣು ನೋಡಿಕೊಂಡಾರ, ಮದಿವಿ ಅಕ್ಕಿಕಾಳೂ ಬಿದ್ದಾವ. ಊರಾಗ ಎಲ್ಲರೂ ಮದಿವಿ ಯಾವಾಗ ಅಂತ ಕೇಳಾಕತ್ತ್ಯಾರ” ಎಂದು ಮೆಲ್ಲಗೆ ಹೇಳಿದರು. ಈಗ ಕೌದಿ ತಿರುಗಿ ಹೋದರೆ, ಒಲ್ಲದ ಹೆಣ್ಣು ಎಂಬ ಹೆಸರು ಗ್ಯಾನಮ್ಮನಿಗೆ ಅಂಟುತ್ತದೆ. ಆಮೇಲೆ ಯಾರು ಅವಳ ಬಾಗಿಲು ತುಳಿಯುತ್ತಾರೆ ಹೇಳು.

ಅಷ್ಟೆಲ್ಲ ನಡೆಯುವಾಗ ಆ ಹುಡುಗಿ ತನ್ನ ಕೌದಿಯ ಮುಂದೆ ನಿಂತಿದ್ದಳು. ಹಿಂದೆ ಸರಿದಳು, ಮತ್ತೆ ಹಿಂದೆ ಸರಿದಳು. “ದೂರಿಂದ ನೋಡಿದ್ರ ಕಾಲಿವಿ ಭಾಳ ಸೊಟ್ಟ ಕಾಣ್ತೈತ್ರೀ, ಅಲ್ಲಿ ಕರೀದು ಇನ್ನೊಂದೀಟು ಬೇಕಿತ್ತು” ಎಂದು ನನಗೆ ಹೇಳಿದಳು. ಅವಳು ಹೇಳಿದ್ದು ಸರಿ, ನಾನು ವಾರವಿಡೀ ನೋಡಿಯೂ ಕಂಡಿರಲಿಲ್ಲ. ನಿಜ ಹೇಳಲೇ? ಆ ಕ್ಷಣ ಇವಳು ನಮ್ಮ ಮನೆಗೆ ಬರಲಿ ಎಂದು ನನಗೆ ಆಸೆಯಾಯಿತು. ನಿನಗಾಗಿ ಆಸೆಪಟ್ಟೆನೋ ನನ್ನ ಗೋಡೆಗಳಿಗಾಗಿಯೋ, ಎಷ್ಟು ಕೇಳಿಕೊಂಡರೂ ಉತ್ತರ ಸಿಗುತ್ತಿಲ್ಲ. ಅದಕ್ಕೆ ನನ್ನ ಮೇಲೆ ನನಗೇ ಭಯವಾಗಿದೆ.

ನಿನ್ನ ಮನಸ್ಸಿನಲ್ಲಿ ಬೇರೆ ಯಾರಾದರೂ ಇದ್ದಾರೋ ಇಲ್ಲವೋ ನಾನೆಂದೂ ಕೇಳಲಿಲ್ಲ. ನನ್ನ ತಪ್ಪಿಗೆ ನೀನು ತಲೆ ಕೊಡಬೇಕಿಲ್ಲ. ಹಾಗೆಂದು ಅವಳು ಏಕೆ ಕೊಡಬೇಕು? ಹುಡುಗಿ ಒಳ್ಳೆಯವಳು, ಕಣ್ಣು ಚುರುಕು, ಯಾರ ಮುಂದೆಯೂ ಅಂಜುವವಳಲ್ಲ. ಅವರಿಗೆ ನಾನು ಕೊನೆಗೆ ಹೇಳಿದ್ದು ಒಂದೇ ಮಾತು, ತಮ್ಮನನ್ನು ಕೇಳಬೇಕು ಎಂದು. ನಿನಗೆ ಒಪ್ಪಿಗೆಯಿಲ್ಲದಿದ್ದರೆ ಕೌದಿಯನ್ನು ನಾನೇ ಹೊತ್ತುಕೊಂಡು ಬಳಗಾನೂರಿಗೆ ಹೋಗಿ, ಊರ ನಡುವೆ ನಿಂತು ಬೈಸಿಕೊಳ್ಳುತ್ತೇನೆ.

ಊಟ ಹೊತ್ತಿಗೆ ಸರಿಯಾಗಿ ಮಾಡು.

ಇಂತಿ ನಿನ್ನ ಅಕ್ಕ,
ಪಾರ್ವತೆಮ್ಮ

ತಾ.ಕ.: ಈ ಪತ್ರವನ್ನು ಅಂಚೆಗೆ ಹಾಕಿಲ್ಲ. ನಿನ್ನ ಕೈಗೆ ಕೊಟ್ಟು ಎದುರಿಗೆ ನಿಂತಿದ್ದಾರಲ್ಲ, ಅವರೇ ಬಾಲಪ್ಪನವರು. ತಮ್ಮನನ್ನು ಕೇಳಬೇಕು ಎಂದದ್ದಕ್ಕೆ, ಹಂಗಾರ ನಾನ ಹೋಗಿ ಕೇಳ್ತೀನಿ ಎಂದು ಹೊರಟುಬಿಟ್ಟರು. ನಾನು ಹೆಣ್ಣು ನೋಡಲು ಬಂದವಳಲ್ಲ ಎಂದು ಹೇಳಲು ನನಗೆ ಕೊನೆತನಕ ಬಾಯಿ ಬರಲಿಲ್ಲ. ಅವರಿಗೆ ಓದು ಬಾರದು. ಓದುವಾಗ ನಿನ್ನ ಮುಖ ನೋಡಿದರೆ ಸಾಕು, ತಿಳಿಯುತ್ತದೆ ಎಂದಿದ್ದಾರೆ. ಇಷ್ಟು ಹೊತ್ತು ಅದನ್ನೇ ನೋಡುತ್ತಿದ್ದಾರೆ.